ಹೊರಹಾಕುವ ಮಾತು ಬರುವುದಕ್ಕೆ ಮೊದಲೇ

ನಾನು ಇಂಗ್ಲೆಂಡಿನ ಒಂದು ಸ್ಥಳೀಯ ಆಡಳಿತದ ವರ್ಚುವಲ್ ಸ್ಕೂಲ್‌ನಲ್ಲಿ ಕೆಲಸ ಮಾಡುತ್ತೇನೆ; ಹೆಸರು ಹಾಗಿದ್ದರೂ ಅದು ಆನ್‌ಲೈನ್ ಶಾಲೆಯಲ್ಲ, ಒಂದು ತಂಡ. ಹೆತ್ತವರಿಂದ ದೂರವಾಗಿ ಆಡಳಿತದ ಪಾಲನೆಯಲ್ಲಿರುವ ಮಕ್ಕಳು ಯಾವ ಶಾಲೆಯಲ್ಲಿ ಓದುತ್ತಿದ್ದರೂ ಅವರ ಕಲಿಕೆಯನ್ನು ನೋಡಿಕೊಳ್ಳುವುದು ನಮ್ಮ ತಂಡದ ಹೊಣೆ; 2014ರ ಮಕ್ಕಳು ಮತ್ತು ಕುಟುಂಬಗಳ ಕಾಯ್ದೆ ಇದಕ್ಕಾಗಿ ಒಬ್ಬ ಮುಖ್ಯಸ್ಥರನ್ನು ನೇಮಿಸುವುದನ್ನು ಕಡ್ಡಾಯ ಮಾಡಿದೆ.

ಈ ಮಕ್ಕಳನ್ನು ಶಾಲೆಯಿಂದ ಶಾಶ್ವತವಾಗಿ ಹೊರಹಾಕುವುದು ಅಪರೂಪ, ಆದರೆ ಅಮಾನತು ಅಪರೂಪವಲ್ಲ. ಒಂದು ಶೈಕ್ಷಣಿಕ ವರ್ಷದಲ್ಲಿ ಒಟ್ಟು 45 ಶಾಲಾ ದಿನಗಳವರೆಗೆ ಅಮಾನತು ಮಾಡಲು ಅವಕಾಶವಿದೆ, ಮತ್ತು ಹಾಗೆ ಮನೆಯಲ್ಲಿ ಕಳೆದ ಪ್ರತಿಯೊಂದು ದಿನವೂ ಮಗುವನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಸಾಕು ಕುಟುಂಬದ ತಾಳ್ಮೆಯನ್ನು ಸವೆಸುತ್ತದೆ. ಆ ಮನೆ ಕೈತಪ್ಪಿದರೆ ಶಾಲೆಯೂ ಕೈತಪ್ಪುವುದು ಬಹುಮಟ್ಟಿಗೆ ಖಚಿತ. ಆದ್ದರಿಂದ ನಾನು ಮೊದಲ ಅಮಾನತಿನ ದಿನದಿಂದಲೇ ಕೆಲಸ ಶುರುಮಾಡುತ್ತೇನೆ.

ಶಾಲೆಯ ವರ್ತನೆ ದಾಖಲೆಯನ್ನೂ ಮಗುವಿನ ಹೊಣೆ ಹೊತ್ತ ಸಮಾಜ ಕಾರ್ಯಕರ್ತರ ದಿನಚರಿಯನ್ನೂ ತರಿಸಿಕೊಂಡು, ದಿನಾಂಕಕ್ಕೆ ದಿನಾಂಕ ಹೊಂದಿಸಿ ಒಂದೇ ಹಾಳೆಯಲ್ಲಿ ಬರೆಯುತ್ತೇನೆ. ಶಾಲೆಯವರು ಕಾರಣವಿಲ್ಲದೆ ಸಿಡಿಯುತ್ತಾನೆ ಎಂದು ಹೇಳುತ್ತಿದ್ದ ಒಬ್ಬ ಹುಡುಗನ ಜಗಳಗಳೆಲ್ಲ, ಹೀಗೆ ಬರೆದು ನೋಡಿದಾಗ, ತಾಯಿಯನ್ನು ಭೇಟಿಯಾಗಿ ಬಂದ ಮರುದಿನ, ಅದರಲ್ಲೂ ತರಗತಿಗೆ ಬದಲಿ ಶಿಕ್ಷಕರು ಬಂದಾಗ ನಡೆದಿದ್ದವು. ಸಮಾಜ ಕಾರ್ಯಕರ್ತರು ಭೇಟಿಯನ್ನು ಶನಿವಾರಕ್ಕೆ ಬದಲಿಸಿದರು. ಸೋಮವಾರ ಬೆಳಿಗ್ಗೆ ಅವನಿಗೆ ಪರಿಚಯವಿರುವ ಒಬ್ಬರೇ ಗೇಟಿನ ಬಳಿ ಎದುರುಗೊಳ್ಳುವಂತೆ ಶಾಲೆ ಏರ್ಪಾಡು ಮಾಡಿತು. ಅವನಿಗೆ ನಿಯಮಗಳಿಂದ ವಿನಾಯಿತಿಯೇನೂ ಸಿಗಲಿಲ್ಲ, ಆದರೂ ಜಗಳಗಳು ಕಡಿಮೆಯಾದವು. ಈ ಮಕ್ಕಳ ಕಲಿಕೆಗೆಂದು ಸರ್ಕಾರ ಕೊಡುವ, ನಮ್ಮ ಕೈಯಲ್ಲಿರುವ ಪ್ಯೂಪಿಲ್ ಪ್ರೀಮಿಯಂ ಹಣವನ್ನು ಟ್ಯಾಬ್ಲೆಟ್‌ಗಳಿಗಿಂತ ಇಂಥ ಒಬ್ಬ ದೊಡ್ಡವರ ಸಮಯಕ್ಕೆ ಕೊಡುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಶಾಲಾ ವರ್ಷದ ಪ್ರತಿ ಟರ್ಮ್‌ಗೊಮ್ಮೆ ಪರಿಶೀಲಿಸುವ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ನಾನು ಅದನ್ನೇ ಬರೆಸುತ್ತೇನೆ.

“ಇವತ್ತೊಂದು ದಿನ ಕರೆದುಕೊಂಡು ಹೋಗಿ, ಸ್ವಲ್ಪ ಶಾಂತವಾಗಲಿ” ಎಂಬ ಫೋನ್ ಕರೆಯ ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡುವುದಿಲ್ಲ. ಅಮಾನತು ಎಂದು ದಾಖಲಿಸದೆ ಮಗುವನ್ನು ಹೀಗೆ ಮನೆಗೆ ಕಳುಹಿಸುವುದು, ಸಾಕುತಾಯಿ ಒಪ್ಪಿದರೂ, ಕಾನೂನಿಗೆ ವಿರುದ್ಧ. ಸಾಕು ಕುಟುಂಬಗಳಿಗೆ ಇದನ್ನು ಮೊದಲೇ ತಿಳಿಸಿ, ಕಳುಹಿಸುವ ಕಾರಣವನ್ನು ಬರಹದಲ್ಲಿ ಕೇಳಿ ಎಂದು ಹೇಳಿಕೊಟ್ಟಿರುತ್ತೇನೆ. ಬರೆದುಕೊಡಬೇಕಾಗಿ ಬಂದಾಗ ಎಷ್ಟೋ ಸಲ ಮಗು ಶಾಲೆಯಲ್ಲೇ ಉಳಿಯುತ್ತದೆ.

ಇಷ್ಟಾದರೂ ಶಾಶ್ವತವಾಗಿ ಹೊರಹಾಕುವ ನಿರ್ಧಾರ ಬಂದರೆ, ಮುಖ್ಯೋಪಾಧ್ಯಾಯರು ನಮಗೂ ಸಮಾಜ ಕಾರ್ಯಕರ್ತರಿಗೂ ತಡಮಾಡದೆ ತಿಳಿಸಬೇಕು. ನಿರ್ಧಾರವನ್ನು ಪರಿಶೀಲಿಸಲು ಶಾಲೆಯ ಆಡಳಿತ ಮಂಡಳಿ 15 ಶಾಲಾ ದಿನಗಳೊಳಗೆ ಸೇರಬೇಕು, ಮತ್ತು ಆ ಸಭೆ ನಡೆಯುವವರೆಗೆ ಮುಖ್ಯೋಪಾಧ್ಯಾಯರು ನಿರ್ಧಾರವನ್ನು ರದ್ದುಪಡಿಸಬಹುದು. ಆ ಅವಧಿಯಲ್ಲಿ ನಾನು ವಾದಕ್ಕಿಳಿಯದೆ, ಈ ಮಗುವನ್ನು ಉಳಿಸಿಕೊಳ್ಳಲು ನಿಮ್ಮ ಸಿಬ್ಬಂದಿಗೆ ಏನು ಬೇಕು ಎಂದೇ ಕೇಳುತ್ತೇನೆ. ಅವರು ಪೆಟ್ಟು ತಿಂದ ಶಿಕ್ಷಕರ ಭಯವನ್ನು ಹೇಳುತ್ತಾರೆ, ಮತ್ತು ಆ ಭಯ ನಿಜವಾದದ್ದು. ಅದಕ್ಕೆ ಉತ್ತರ ಸಿಗದೆ ಮಗು ಅಲ್ಲಿ ಉಳಿಯಲಾರದು. ಬೇರೆ ಶಾಲೆಗೆ ವರ್ಗಾಯಿಸೋಣ ಎಂಬ ಸಲಹೆಗೆ ಮಾತ್ರ ನಾನು ಸುಲಭವಾಗಿ ತಲೆಯಾಡಿಸುವುದಿಲ್ಲ, ಏಕೆಂದರೆ ಮನೆಯಿಂದ ಮನೆಗೆ ಅಲೆದ ಮಗುವಿಗೆ ಅದೂ ಇನ್ನೊಂದು ತಿರಸ್ಕಾರವಾಗಿಯೇ ಕಾಣುತ್ತದೆ.