ಡ್ರೋನ್ ಕಳೆದರೆ ಹುಡುಕಲು ಯಾವ ಟ್ರ್ಯಾಕರ್ ತಗೊಳ್ಳಬೇಕು?

ಡ್ರೋನ್ ಕಳೆದ ಮೇಲೆ ಟ್ರ್ಯಾಕರ್ ವಿಚಾರಿಸುವವರೇ ಜಾಸ್ತಿ. ಕಂಬಳ, ಮದುವೆ, ಬ್ರಹ್ಮಕಲಶೋತ್ಸವ ಅಂತ ಉಡುಪಿ, ಮಂಗಳೂರು ಕಡೆ ಡ್ರೋನ್ ಹಾರಿಸುವವರಿಗೆ ಬಿಡುವೇ ಇಲ್ಲ. ಬಿದ್ದ ಡ್ರೋನ್ ಹುಡುಕುತ್ತಾ ಗದ್ದೆ ಹುಣಿಯ ಮೇಲೆ ಮೊಬೈಲ್ ಎತ್ತಿ ಹಿಡಿದು ತಿರುಗುವವರೂ ಕಡಿಮೆ ಇಲ್ಲ. ಟ್ರ್ಯಾಕರ್ ಇದ್ದೂ ಹಾಗೆ ತಿರುಗುವವರನ್ನು ನೋಡಿದರೆ ಬೇಜಾರಾಗುತ್ತದೆ. ಡಬ್ಬಿಯ ಮೇಲೆ ಬರೆದ ಕಿಲೋಮೀಟರ್ ನೋಡಿ ಕೊಂಡಿರುತ್ತಾರೆ. ತಮ್ಮ ಡ್ರೋನ್ ಎಂಥ ಜಾಗದಲ್ಲಿ ಬೀಳಬಹುದು ಅಂತ ಯೋಚಿಸಿರುವುದಿಲ್ಲ. ಒಳ್ಳೆ ಟ್ರ್ಯಾಕರ್ ನಿಮ್ಮನ್ನು ತೋಟದ ಬೇಲಿಯವರೆಗೆ ತಲುಪಿಸುತ್ತದೆ. ಡ್ರೋನ್ ಕೈಗೆ ಸಿಗುವುದೋ ಇಲ್ಲವೋ ಅನ್ನುವುದು ತೀರ್ಮಾನವಾಗುವುದು ಬೇಲಿ ದಾಟಿದ ಮೇಲಿನ ಇಪ್ಪತ್ತು ಮೀಟರಿನಲ್ಲಿ.

‘ಡ್ರೋನ್‌ನಲ್ಲೇ ಜಿಪಿಎಸ್ ಉಂಟಲ್ಲ, ಮತ್ತೆ ಇದು ಯಾಕೆ?’ ಅಂತ ಕೇಳುವವರಿದ್ದಾರೆ. ಡ್ರೋನ್ ಕಂಪನಿ ಡಿಜೆಐಯ ಆ್ಯಪ್‌ನಲ್ಲಿ ‘ಫೈಂಡ್ ಮೈ ಡ್ರೋನ್’ ಇದೆ ನಿಜ, ಮೊದಲು ನೋಡಬೇಕಾದ್ದೂ ಅದನ್ನೇ. ಆದರೆ ಅದು ತೋರಿಸುವುದು ರಿಮೋಟ್‌ಗೆ ಕೊನೆಯ ಸಲ ಸಿಗ್ನಲ್ ಸಿಕ್ಕಿದ ಜಾಗ. ಅಲ್ಲಿಂದ ಮುಂದೆ ಗಾಳಿ ಎತ್ತ ತಳ್ಳಿತು ಅನ್ನುವುದು ಅದಕ್ಕೆ ಗೊತ್ತಿಲ್ಲ. ದೀಪ ಮಿನುಗಿಸಿ, ಬೀಪ್ ಶಬ್ದ ಮಾಡಿಸಬಹುದು, ಅದೂ ಡ್ರೋನ್ ಬ್ಯಾಟರಿಯಲ್ಲಿ ಚಾರ್ಜ್ ಉಳಿದಿದ್ದರೆ. ತೆಂಗಿನ ಗರಿಗೆ ಬಡಿದು ಬ್ಯಾಟರಿ ಕಳಚಿ ಬಿತ್ತು ಅಂದರೆ ಅಲ್ಲಿಗೆ ಕಥೆ ಮುಗಿಯಿತು.

1. ಮೊದಲು ತೂಕ ನೋಡಿ

ಒಂದೊಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದ್ದು ನ್ಯಾನೋ, ಅದಕ್ಕಿಂತ ಮೇಲೆ 2 ಕೆ.ಜಿ.ವರೆಗೆ ಮೈಕ್ರೋ. ನಿಮ್ಮದು 249 ಗ್ರಾಂನ ಮಿನಿ ಡ್ರೋನ್ ಅಂತಿಟ್ಟುಕೊಳ್ಳಿ. ಸುಮಾರು 11 ಗ್ರಾಂನ ಏರ್‌ಟ್ಯಾಗ್ (ಆಪಲ್‌ನ ಸಣ್ಣ ಟ್ರ್ಯಾಕರ್) ಅಂಟಿಸಿದ ಕೂಡಲೇ ಅದು ಮೈಕ್ರೋ ಆಯಿತು. ನ್ಯಾನೋಗೆ ಇರುವ ರಿಯಾಯಿತಿ ಮತ್ತೆ ಕೇಳುವ ಹಾಗಿಲ್ಲ. ಟೇಪು, ಹೋಲ್ಡರ್ ಎಲ್ಲ ಸೇರಿಸಿಯೇ ತೂಗಿ.

2. ಎಲ್ಲಿ ಹಾರಿಸುತ್ತೀರಿ?

ಇದೊಂದನ್ನು ಸರಿಯಾಗಿ ಯೋಚಿಸಿದರೆ ಅರ್ಧ ಕೆಲಸ ಆದ ಹಾಗೆ. ಟ್ರ್ಯಾಕರ್ ತಾನಿರುವ ಜಾಗವನ್ನು ನಿಮಗೆ ಹೇಗಾದರೂ ತಿಳಿಸಬೇಕಲ್ವಾ? ಅದಕ್ಕೆ ಮೂರು ದಾರಿ: ಹತ್ತಿರ ಹಾದುಹೋಗುವ ಬೇರೆಯವರ ಫೋನು, ಮೊಬೈಲ್ ಟವರು, ಇಲ್ಲವೇ ಅದರದ್ದೇ ರೇಡಿಯೊ.

ಏರ್‌ಟ್ಯಾಗ್, ಸ್ಮಾರ್ಟ್‌ಟ್ಯಾಗ್, ಜಿಯೊಟ್ಯಾಗ್ ಇವೆಲ್ಲ ಮೊದಲ ದಾರಿಯವು. ಇವುಗಳ ಒಳಗೆ ಜಿಪಿಎಸ್ ಇಲ್ಲ. ಇದನ್ನು ಎಷ್ಟು ಹೇಳಿದರೂ ನಂಬದವರಿದ್ದಾರೆ. ಟ್ಯಾಗ್ ಬ್ಲೂಟೂತ್‌ನಲ್ಲಿ ಸಣ್ಣದಾಗಿ ಕೂಗುತ್ತಿರುತ್ತದೆ. ಹತ್ತಿರ ಹೋದ ಯಾರದ್ದೋ ಫೋನ್ ಅದನ್ನು ಕೇಳಿ, ಆ ಫೋನ್ ಇರುವ ಜಾಗವನ್ನು ನಿಮಗೆ ಕಳಿಸುತ್ತದೆ. ಹಾಗಾಗಿ ನಕ್ಷೆಯ ಚುಕ್ಕೆ ಎಷ್ಟೋ ಸಲ ರಸ್ತೆಯ ಮೇಲೆ ಬೀಳುತ್ತದೆ. ಜನ ಚರಂಡಿಯೆಲ್ಲ ಜಾಲಾಡುತ್ತಾರೆ, ಡ್ರೋನ್ ರಸ್ತೆಯಿಂದ ಮೂವತ್ತು ಮೀಟರ್ ಒಳಗೆ ಗದ್ದೆಯಲ್ಲಿ ಬಿದ್ದಿರುತ್ತದೆ. ಮಲ್ಪೆ, ಪಣಂಬೂರು ಬೀಚ್, ಮಣಿಪಾಲದ ಪೇಟೆ, ಹಂಪನಕಟ್ಟೆ, ಇಂಥ ಕಡೆ ಟ್ಯಾಗ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಾರ್ಕಳದಾಚೆಯ ಗುಡ್ಡದಲ್ಲಿ ಯಾರ ಫೋನ್ ಹೋಗಬೇಕು? ಗೂಗಲ್ ಜಾಲದ ಟ್ಯಾಗ್‌ಗೆ ಇನ್ನೊಂದು ತೊಡಕಿದೆ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳು ಜನ ಜಾಸ್ತಿ ಓಡಾಡುವ ಜಾಗದಲ್ಲಿ ಮಾತ್ರ ಸುದ್ದಿ ಕೊಡುವ ಹಾಗೆ ಸೆಟ್ ಆಗಿರುತ್ತವೆ. ಒಂಟಿ ರಸ್ತೆಯಲ್ಲಿ ಒಬ್ಬ ಬೈಕ್ ಸವಾರ ಹೋದರೆ ಸಾಲದು. ಏರ್‌ಟ್ಯಾಗ್ ಬೇಕೆಂದರೆ ನಿಮ್ಮ ಕೈಯಲ್ಲಿ ಐಫೋನ್ ಇರಬೇಕು.

ಎರಡನೆಯದು ಸಿಮ್ ಹಾಕುವ ಜಿಪಿಎಸ್ ಟ್ರ್ಯಾಕರ್. ಬಯಲಿನಲ್ಲಿ ಕೆಲವೇ ಮೀಟರ್ ವ್ಯತ್ಯಾಸದಲ್ಲಿ ಜಾಗ ಹೇಳುತ್ತದೆ. ಊರ ಬೈಲು, ಅಡಿಕೆ ತೋಟ, ಟವರ್ ಸಿಗುವ ಎಲ್ಲ ಕಡೆ ನನ್ನ ಮತ ಇದಕ್ಕೇ. ಆದರೆ ಕೊಳ್ಳುವಾಗ ಕಣ್ಣು ಬಿಟ್ಟು ನೋಡಿ. ಅಗ್ಗದ ಟ್ರ್ಯಾಕರ್‌ಗಳಲ್ಲಿ ಹೆಚ್ಚಿನವು ಬರೀ 2ಜಿ. ಜಿಯೊದಲ್ಲಿ 2ಜಿ ಇಲ್ಲವೇ ಇಲ್ಲ, ಸಿಮ್ ಹಾಕಿ ಎಷ್ಟು ಹೊತ್ತು ಕಾದರೂ ದೀಪ ಹತ್ತುವುದಿಲ್ಲ. 4ಜಿ ಅಂತ ಬರೆದಿದ್ದರೂ ಬ್ಯಾಂಡ್ (ಅದು ಹಿಡಿಯುವ ಫ್ರೀಕ್ವೆನ್ಸಿ) ಪಟ್ಟಿ ನೋಡಿ. ನಮ್ಮ ಕಂಪನಿಗಳು ಬಳಸುವ 3, 5, 8, 40 ಅದರಲ್ಲಿರಬೇಕು. ಯಾವ ಕಂಪನಿಯ ಸಿಮ್ ಅನ್ನುವುದನ್ನು ನೀವು ಹಾರಿಸುವ ಜಾಗದ ಟವರ್ ನೋಡಿ ಆರಿಸಿ. ಮನೆಯಲ್ಲಿ ಯಾವುದಕ್ಕೆ ಫುಲ್ ಸಿಗ್ನಲ್ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ರೀಚಾರ್ಜ್ ಮುಗಿದ ಸಿಮ್ ಹಾಕಿಕೊಂಡು ಹಾರಿಸುವ ಮಹಾನುಭಾವರೂ ಇದ್ದಾರೆ!

ಈಗ ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಬೆಂಕಿಪೆಟ್ಟಿಗೆ ಗಾತ್ರದ ಕಪ್ಪು ಡಬ್ಬಿ ಸಿಗುತ್ತದೆ, ಬೆನ್ನಿಗೆ ಅಯಸ್ಕಾಂತ ಇರುವುದು. ಜಿಪಿಎಸ್ ಅಂತ ದೊಡ್ಡದಾಗಿ ಬರೆದಿರುತ್ತದೆ. ಹೆಚ್ಚಿನವುಗಳ ಒಳಗೆ ಜಿಪಿಎಸ್ ರಿಸೀವರ್ ಇರುವುದೇ ಇಲ್ಲ. ಹತ್ತಿರದ ಟವರ್ ಎಲ್ಲಿದೆ ಅನ್ನುವುದನ್ನೇ ಡ್ರೋನ್ ಇರುವ ಜಾಗ ಅಂತ ತೋರಿಸುತ್ತದೆ. ಹಳ್ಳಿ ಕಡೆ ಕಿಲೋಮೀಟರ್‌ಗಟ್ಟಲೆ ತಪ್ಪಬಹುದು. ಹೀಗೆ ಟವರ್ ನೋಡಿ ಜಾಗ ಹೇಳುವುದಕ್ಕೆ ‘ಎಲ್‌ಬಿಎಸ್’ ಅನ್ನುತ್ತಾರೆ, ವಿವರಣೆಯಲ್ಲಿ ಅದು ಮಾತ್ರ ಕಂಡರೆ ಮುಟ್ಟಬೇಡಿ. ಸಾಲದ್ದಕ್ಕೆ ಅದರ ಅಯಸ್ಕಾಂತ ಡ್ರೋನ್‌ನ ದಿಕ್ಸೂಚಿಯ ತಲೆ ಕೆಡಿಸುತ್ತದೆ. ಹುಡುಕಿಕೊಡಲಿ ಅಂತ ಹಾಕಿದ್ದೇ ಡ್ರೋನ್ ಕಳೆದುಹೋಗುವ ಹಾಗೆ ಮಾಡುತ್ತದೆ.

ಮೂರನೆಯದು ರೇಡಿಯೊ ಬೀಕನ್. ಡ್ರೋನ್‌ನಲ್ಲಿ ಒಂದು ಸಣ್ಣ ಟ್ರಾನ್ಸ್‌ಮಿಟರ್, ನಿಮ್ಮ ಕೈಯಲ್ಲಿ ರಿಸೀವರ್. ಟವರ್ ಬೇಡ, ಬೇರೆಯವರ ಫೋನೂ ಬೇಡ. ಆಗುಂಬೆ ಕಡೆಯ ಕಾಡಿನ ಅಂಚಿನಲ್ಲಿ ಹಾರಿಸುವವರಿಗೆ ಇದೊಂದೇ ದಾರಿ. ಕೊಳ್ಳುವಾಗ ಫ್ರೀಕ್ವೆನ್ಸಿ ಕೇಳಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಇಂಥ ಸಾಧನ ಬಳಸಲು ಬಿಟ್ಟಿರುವುದು 865ರಿಂದ 868 ಮೆಗಾಹರ್ಟ್ಸ್. ಅಮೆರಿಕದಿಂದ ನೆಂಟರು ತಂದುಕೊಡುವ 915 ಮೆಗಾಹರ್ಟ್ಸ್‌ನದ್ದು ಬೇಡ. ಅದು ಇಲ್ಲಿ ಮೊಬೈಲ್ ಕಂಪನಿಗಳ ಬ್ಯಾಂಡಿಗೆ ತಾಗುತ್ತದೆ. ಇನ್ನು ‘10 ಕಿ.ಮೀ.’ ಅಂತ ಬರೆದಿರುತ್ತಾರಲ್ಲ, ಅದು ನಡುವೆ ಏನೂ ಅಡ್ಡ ಇಲ್ಲದಾಗಿನ ಮಾತು. ನೆಲಕ್ಕೆ ಬಿದ್ದು, ಸುತ್ತ ಒದ್ದೆ ಎಲೆ, ನಡುವೆ ಒಂದು ಗುಡ್ಡ ಅಂದರೆ ಅದರಲ್ಲಿ ಹತ್ತನೇ ಒಂದು ಪಾಲು ಸಿಕ್ಕಿದರೂ ಪುಣ್ಯ.

ಸಮುದ್ರಕ್ಕೆ ಬಿದ್ದರೆ? ಯಾವುದೂ ಪ್ರಯೋಜನವಿಲ್ಲ. ಉಪ್ಪುನೀರಿನೊಳಗಿಂದ ಈ ಯಾವ ರೇಡಿಯೊ ಅಲೆಯೂ ಮೇಲೆ ಬರುವುದಿಲ್ಲ. ಸೇಂಟ್ ಮೇರೀಸ್ ದ್ವೀಪದ ಸುತ್ತ, ಕೋಡಿಬೆಂಗ್ರೆಯ ಅಳಿವೆಯ ಮೇಲೆ ಹಾರಿಸುವವರು ಟ್ರ್ಯಾಕರ್ ದುಡ್ಡನ್ನು ಉಳಿಸಿ, ಬ್ಯಾಟರಿ ಅರ್ಧ ಇರುವಾಗಲೇ ವಾಪಸ್ ತರುವ ಅಭ್ಯಾಸ ಮಾಡಿಕೊಳ್ಳಿ.

3. ಅದಕ್ಕೆ ಸ್ವಂತ ಬ್ಯಾಟರಿ ಇದೆಯಾ?

ಇಲ್ಲದಿದ್ದರೆ ಬೇಡ. ಡ್ರೋನ್‌ನಿಂದಲೇ ಕರೆಂಟ್ ತಗೊಳ್ಳುವ ಟ್ರ್ಯಾಕರ್ ಡ್ರೋನ್ ಜೊತೆಗೇ ಸಾಯುತ್ತದೆ. ಟ್ಯಾಗ್‌ಗೆ ಸಿಆರ್2032 ಸೆಲ್ ಹಾಕುವಾಗ ಒಂದು ನೋಡಿಕೊಳ್ಳಿ: ಮಕ್ಕಳು ನುಂಗದಿರಲಿ ಅಂತ ಕಹಿ ಲೇಪ ಹಚ್ಚಿದ ಸೆಲ್‌ಗಳು ಏರ್‌ಟ್ಯಾಗ್‌ನಲ್ಲಿ ಕೆಲವು ಸಲ ಕೆಲಸ ಮಾಡುವುದಿಲ್ಲ.

4. ಬಜರ್ ಇಲ್ಲದೆ ಯಾವುದೂ ಪೂರ್ತಿಯಲ್ಲ

ನನ್ನನ್ನು ಕೇಳಿದರೆ ಮೊದಲು ಕೊಳ್ಳಬೇಕಾದ್ದು ಇದು. ಸ್ವಂತ ಸಣ್ಣ ಬ್ಯಾಟರಿ ಇರುವ, ಡ್ರೋನ್‌ನ ಕರೆಂಟ್ ತಪ್ಪಿದ ಕೂಡಲೇ ತಾನಾಗಿ ಕಿರುಚುವ ಬಜರ್‌ಗಳು ಸಿಗುತ್ತವೆ. ತೂಕ ಕೆಲವೇ ಗ್ರಾಂ. ಕೈಯಿಂದ ಜೋಡಿಸಿದ ಡ್ರೋನ್‌ಗೆ ಹಾಕುವುದು ಸುಲಭ, ವಯರ್ ಕೊಡಲು ಜಾಗ ಇರುತ್ತದೆ. ಕಂಪನಿ ಡ್ರೋನ್ ಆದರೆ ಬಿಚ್ಚಲು ಹೋಗಬೇಡಿ, ಮೇಲೆ ಅಂಟಿಸುವಂಥದ್ದು ಅಥವಾ ಫೋನ್‌ನಿಂದ ಕೂಗಿಸಬಹುದಾದ ಟ್ಯಾಗ್ ನೋಡಿ. ಮುಳಿಹುಲ್ಲಿನ ನಡುವೆ ಬೂದು ಬಣ್ಣದ ಡ್ರೋನ್ ಎರಡು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ಕಿವಿಗೆ ಕೇಳಿದರೆ ಸಿಗುತ್ತದೆ. ತೋಳುಗಳಿಗೆ ಕಿತ್ತಳೆ ಬಣ್ಣದ ಟೇಪು ಸುತ್ತಿದರೂ ಒಳ್ಳೆಯದೇ, ಹತ್ತಿಪ್ಪತ್ತು ರೂಪಾಯಿಯ ಕೆಲಸ.

5. ಅಂಟಿಸುವ ಜಾಗ

ಹೊಟ್ಟೆಯ ಸೆನ್ಸರ್ ಮುಚ್ಚಬೇಡಿ, ಗಾಳಿಯ ಕಿಂಡಿ ಮುಚ್ಚಬೇಡಿ, ಬ್ಯಾಟರಿಯ ಮೇಲೆ ಅಂಟಿಸಬೇಡಿ. ಬ್ಯಾಟರಿಯೇ ಕಳಚಿ ದೂರ ಹೋಗಿ ಬೀಳುವುದುಂಟು. ಏರ್‌ಟ್ಯಾಗ್‌ನ ಸ್ಪೀಕರ್‌ನಲ್ಲಿ ಅಯಸ್ಕಾಂತ ಇದೆ, ದಿಕ್ಸೂಚಿ ಇರುವ ಜಾಗದಿಂದ ದೂರ ಇಡಿ. ಸಿಮ್ ಟ್ರ್ಯಾಕರನ್ನು ಡ್ರೋನ್‌ನ ಜಿಪಿಎಸ್ ಮೇಲೆ ಕೂರಿಸಬೇಡಿ, ಉಪಗ್ರಹಗಳ ಸಂಖ್ಯೆ ಇಳಿಯುತ್ತದೆ. ಟ್ರ್ಯಾಕರ್‌ನ ಆಂಟೆನಾ ಮುಖ ಆಕಾಶಕ್ಕಿರಲಿ. ಅಂಟಿಸಿದ ಮೇಲೆ ಬಯಲಿನಲ್ಲಿ ಎರಡು ಮೀಟರ್ ಎತ್ತರದಲ್ಲಿ ಸುಮ್ನೆ ನಿಲ್ಲಿಸಿ ನೋಡಿ. ಡ್ರೋನ್ ತಾನಾಗಿ ಸುತ್ತು ಹೊಡೆಯಲು ಶುರು ಮಾಡಿದರೆ ಜಾಗ ಸರಿಯಿಲ್ಲ ಅಂತಲೇ ಅರ್ಥ.

6. ಕಳೆಯುವ ಮೊದಲೇ ಹುಡುಕಿ ಕಲಿಯಿರಿ

ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಟ್ರ್ಯಾಕರ್ ಬಂದ ವಾರವೇ ಮನೆಯವರ ಕೈಯಲ್ಲಿ ಕೊಟ್ಟು ತೋಟದಲ್ಲಿ ಎಲ್ಲಾದರೂ ಅಡಗಿಸಲು ಹೇಳಿ. ಡ್ರೋನ್ ಬೇಡ, ಬರೀ ಟ್ರ್ಯಾಕರ್ ಸಾಕು. ಆಮೇಲೆ ನೀವು ಹುಡುಕಿ.

ಜಿಪಿಎಸ್‌ನದ್ದಾದರೆ ಅಂಕಿಗಳನ್ನು ಪೂರ್ತಿ ನಕಲು ಮಾಡಿಕೊಳ್ಳಿ. ಉಡುಪಿಯಲ್ಲಾದರೆ 13.34ರಿಂದ ಶುರುವಾಗುವ ಒಂದು ಸಂಖ್ಯೆ, 74.74ರಿಂದ ಶುರುವಾಗುವ ಇನ್ನೊಂದು. ಚುಕ್ಕೆಯ ನಂತರ ಐದು ಅಂಕಿ ಇದ್ದರೆ ಸುಮಾರು ಒಂದು ಮೀಟರ್‌ವರೆಗೆ ಹೇಳಿದ ಹಾಗೆ. ಫೋನ್‌ನಲ್ಲಿ ಗೆಳೆಯನಿಗೆ ಹೇಳುವಾಗ ಮೂರಕ್ಕೇ ನಿಲ್ಲಿಸಿದರೆ ನೂರು ಮೀಟರ್ ಆಚೀಚೆ. ಅಷ್ಟರಲ್ಲಿ ಬೇರೆಯವರ ತೋಟವೇ ಬಂತು.

ರೇಡಿಯೊ ಬೀಕನ್‌ನದ್ದು ಬೇರೆ ವಿದ್ಯೆ. ರಿಸೀವರ್‌ನಲ್ಲಿ ಸಿಗ್ನಲ್ ಎಷ್ಟು ಬಲವಾಗಿದೆ ಅನ್ನುವ ಸಂಖ್ಯೆ ಕಾಣುತ್ತದೆ, ಅದನ್ನು ನೋಡುತ್ತಾ ಓಡುವವರೇ ದಾರಿ ತಪ್ಪುವುದು. ಓಡಬೇಡಿ. ರಿಸೀವರನ್ನು ಎದೆಗೆ ಒತ್ತಿ ಹಿಡಿದು, ನಿಂತಲ್ಲೇ ನಿಧಾನ ಒಂದು ಸುತ್ತು ತಿರುಗಿ. ನಿಮ್ಮ ಮೈಯೇ ಸಿಗ್ನಲ್‌ಗೆ ಅಡ್ಡ ಬರುತ್ತದೆ. ಯಾವ ಕಡೆ ಮುಖ ಮಾಡಿದಾಗ ಸಂಖ್ಯೆ ತೀರಾ ಇಳಿಯುತ್ತದೋ, ಡ್ರೋನ್ ಇರುವುದು ನಿಮ್ಮ ಬೆನ್ನ ಹಿಂದೆ. ಜಾಸ್ತಿ ಇರುವ ದಿಕ್ಕನ್ನು ಹುಡುಕುವುದಕ್ಕಿಂತ ಕಡಿಮೆ ಇರುವ ದಿಕ್ಕು ಚೆನ್ನಾಗಿ ಗೊತ್ತಾಗುತ್ತದೆ, ಯಾಕೆಂದರೆ ಇಳಿಯುವಾಗ ಒಮ್ಮೆಲೇ ಇಳಿಯುತ್ತದೆ. ಈಗ ಹಿಂದೆ ತಿರುಗಿ, ಬೆನ್ನಿದ್ದ ದಿಕ್ಕಿನಲ್ಲಿ ಕಾಣುವ ಒಂದು ಮರವನ್ನು ಗುರುತಿಟ್ಟುಕೊಳ್ಳಿ. ಆಮೇಲೆ ಬಲಕ್ಕೋ ಎಡಕ್ಕೋ ಐವತ್ತು ಹೆಜ್ಜೆ ಅಡ್ಡ ನಡೆದು ಮತ್ತೆ ಹಾಗೇ ಒಂದು ಸುತ್ತು ತಿರುಗಿ. ಎರಡು ಗೆರೆ ಕೂಡುವ ಕಡೆ ಹೋಗಿ. ಹತ್ತಿರ ಬಂದ ಹಾಗೆ ಎಲ್ಲ ದಿಕ್ಕಿನಲ್ಲೂ ಸಂಖ್ಯೆ ಒಂದೇ ಥರ ಜಾಸ್ತಿ ತೋರಿಸಲು ಶುರುವಾಗುತ್ತದೆ. ಇಲ್ಲೇ ಜನ ‘ರಿಸೀವರ್ ಹಾಳಾಯಿತು ಮಾರಾಯ’ ಅಂತ ಕೈಬಿಡುವುದು. ಹಾಳಾಗಿಲ್ಲ, ಸಿಗ್ನಲ್ ಜಾಸ್ತಿಯಾಗಿದೆ ಅಷ್ಟೇ. ಬಿಚ್ಚಲು ಬರುವ ಆಂಟೆನಾ ಆದರೆ ರಿಸೀವರ್‌ನದ್ದನ್ನು ತೆಗೆದುಬಿಡಿ, ಸಂಖ್ಯೆ ಇಳಿದು ಮತ್ತೆ ವ್ಯತ್ಯಾಸ ಕಾಣುತ್ತದೆ. ಟ್ರಾನ್ಸ್‌ಮಿಟರ್‌ನ ಆಂಟೆನಾ ಮಾತ್ರ ಯಾವತ್ತೂ ತೆಗೆಯಬೇಡಿ. ನೆಲದಲ್ಲಿ ಕಾಣದಿದ್ದರೆ ತಲೆ ಎತ್ತಿ ನೋಡಿ. ನಮ್ಮ ಕಡೆ ಡ್ರೋನ್ ನೆಲ ಮುಟ್ಟುವುದಕ್ಕಿಂತ ಮರದಲ್ಲಿ ಸಿಕ್ಕಿಕೊಳ್ಳುವುದೇ ಜಾಸ್ತಿ.

ಗಾಳಿಯ ಲೆಕ್ಕವನ್ನೂ ಇಟ್ಟುಕೊಳ್ಳಿ. ಬೇಸಿಗೆಯ ಮಧ್ಯಾಹ್ನ ಕರಾವಳಿಯಲ್ಲಿ ಗಾಳಿ ಸಮುದ್ರದಿಂದ ನೆಲದ ಕಡೆ ಬೀಸುತ್ತದೆ. ಕೊನೆಯ ಸಿಗ್ನಲ್ ಸಿಕ್ಕಿದ ಜಾಗದಿಂದ ಪೂರ್ವಕ್ಕೆ ಮೊದಲು ಹುಡುಕಿ. ಬೆಳಗಿನ ಜಾವ ಹಾರಿಸಿದ್ದಾದರೆ ಇದು ಉಲ್ಟಾ.

ಸಿಕ್ಕಿದ ಮೇಲೆ

ಬೇರೆಯವರ ಜಾಗವಾದರೆ ಕೇಳಿಯೇ ಒಳಗೆ ಹೋಗಿ. ಬಂದರು, ವಿಮಾನ ನಿಲ್ದಾಣದ ಸುತ್ತ ಬಿದ್ದರೆ ಟ್ರ್ಯಾಕರ್ ಹಿಡಿದು ಬೇಲಿ ಹಾರಿದರೆ ಡ್ರೋನ್ ಜೊತೆ ನೀವೂ ಸಿಕ್ಕಿಬೀಳುತ್ತೀರಿ. ಅದಕ್ಕೇ ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು ವಲಯ (ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲದ ಜಾಗ) ನೋಡಿಕೊಳ್ಳಬೇಕು. ಹೊಳೆ ನೀರಿಗೆ ಬಿದ್ದದ್ದು ಸಿಕ್ಕಿದರೆ ಆನ್ ಮಾಡಿ ನೋಡುವ ಆಸೆ ಬೇಡ. ಬ್ಯಾಟರಿ ತೆಗೆದು ಮನೆಯ ಹೊರಗೆ ಇಡಿ, ಒದ್ದೆಯಾದ ಲಿಥಿಯಂ ಬ್ಯಾಟರಿ ಗಂಟೆಗಳ ನಂತರವೂ ಹೊತ್ತಿಕೊಳ್ಳಬಹುದು.

ಅಡಿಕೆ ಅಥವಾ ತೆಂಗಿನ ಮರದಲ್ಲಿದ್ದರೆ ಕಲ್ಲು ಹೊಡೆಯುವುದನ್ನು ಬಿಟ್ಟು ತೋಟದವರ ಹತ್ತಿರ ದೋಟಿ ಕೇಳಿ. ಅಡಿಕೆ ಕೊಯ್ಯುವ ಉದ್ದದ ಕಾರ್ಬನ್ ಫೈಬರ್ ದೋಟಿ ಈಗ ಸುಮಾರು ತೋಟಗಳಲ್ಲಿದೆ. ಕೆಳಗೆ ನಾಲ್ಕು ಜನ ಬೆಡ್‌ಶೀಟ್ ಹಿಡಿದು ನಿಂತರೆ ಕ್ಯಾಮೆರಾ ಉಳಿಯುತ್ತದೆ. ಆದರೆ ಹತ್ತಿರ ವಿದ್ಯುತ್ ತಂತಿ ಇದ್ದರೆ ದೋಟಿ ಎತ್ತಲೇಬೇಡಿ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ಡ್ರೋನ್ ತಂತಿಯಲ್ಲೇ ನೇತಾಡುತ್ತಿದ್ದರೆ 1912ಕ್ಕೆ ಫೋನ್ ಮಾಡಿ, ಮೆಸ್ಕಾಂನವರು ಬಂದು ಲೈನ್ ಆಫ್ ಮಾಡುವವರೆಗೆ ಕಾಯಿರಿ.