ಕೆನ್ನೆ ಮೇಲೆ ಬೆರಳಿಟ್ಟು ದವಡೆ ಅಂದಾಜು ಮಾಡೋದು: ನನ್ನ ಅನುಭವ

ನಾನು ಆರ್ಥೊಡಾಂಟಿಸ್ಟ್, ಅಂದ್ರೆ ಹಲ್ಲಿಗೆ ಕ್ಲಿಪ್ ಹಾಕೋ ಡಾಕ್ಟ್ರು. ಹೊಸ ಪೇಷಂಟ್ ಬಂದ್ರೆ ಬಾಯಿ ತೆಗೆಸೋಕೂ ಮುಂಚೆ ಎರಡೂ ಕೆನ್ನೆ ಮೇಲೆ ಬೆರಳಿಟ್ಟು "ಹಲ್ಲು ಗಟ್ಟಿಯಾಗಿ ಕಚ್ಚು ನೋಡೋಣ" ಅಂತೀನಿ. ದವಡೆ ಮೂಲೆ ಹತ್ರ ಉಬ್ಬಿ ಬರೋದು ಮ್ಯಾಸೆಟರ್, ಬೆರಳು ಹಂಗೇ ಹಣೆ ಪಕ್ಕಕ್ಕೆ ತಗೊಂಡೋದ್ರೆ ಅಲ್ಲಿ ಬಿಗಿಯಾಗೋದು ಟೆಂಪೊರಾಲಿಸ್, ಎರಡೂ ಅಗಿಯೋಕೆ ಇರೋ ಸ್ನಾಯುಗಳು. ಕೆಲವರಲ್ಲಿ ಮ್ಯಾಸೆಟರ್ ಕಲ್ಲಿನ ಹಂಗೆ ಸಿಗುತ್ತೆ, ಇನ್ನು ಕೆಲವರಲ್ಲಿ ಕಚ್ಚಿದ್ರೋ ಇಲ್ವೋ ಅಂತಾನೇ ಗೊತ್ತಾಗಲ್ಲ.

ಆಮೇಲೆ ಸೆಫಲೋಗ್ರಾಮ್, ಅಂದ್ರೆ ತಲೆಯ ಪಕ್ಕದ ಎಕ್ಸ್‌ರೇ ನೋಡಿದ್ರೆ ಬೆರಳು ಹೇಳಿದ್ದು ತುಂಬಾ ಸಲ ಅಲ್ಲೂ ಕಾಣುತ್ತೆ. ಸ್ನಾಯು ದಪ್ಪ ಇರೋರಿಗೆ ದವಡೆ ಮೂಲೆ ಚೌಕವಾಗಿ ಅಗಲವಾಗಿರುತ್ತೆ, ಕೆಳಗಿನ ಅಂಚು ಮಟ್ಟವಾಗಿರುತ್ತೆ, ಮೇಲಿನ ಮುಂಹಲ್ಲು ಕೆಳಗಿನದನ್ನ ಪೂರ್ತಿ ಮುಚ್ಚಿರುತ್ತೆ, ಇದು ಡೀಪ್ ಬೈಟ್. ಸ್ನಾಯು ತೆಳ್ಳಗಿದ್ರೆ ದವಡೆಯ ಅಂಚು ಇಳಿಜಾರು, ಮುಖದ ಕೆಳಭಾಗ ಉದ್ದ, ಎಷ್ಟೋ ಸಲ ಮುಂಹಲ್ಲು ಒಂದಕ್ಕೊಂದು ತಾಗೋದೇ ಇಲ್ಲ, ಇದು ಓಪನ್ ಬೈಟ್. ಸ್ಟೈನರ್ ಅನ್ನೋರು ಈ ಎಕ್ಸ್‌ರೇ ಅಳೆಯೋಕೆ ಮಾಡಿದ ಲೆಕ್ಕದಲ್ಲಿ, ತಲೆಬುರುಡೆ ತಳಕ್ಕೆ ಹೋಲಿಸಿದ್ರೆ ಈ ಇಳಿಜಾರಿನ ಕೋನ ಸರಾಸರಿ 32 ಡಿಗ್ರಿ, ಉದ್ದ ಮುಖದವರಲ್ಲಿ 40 ದಾಟಿದ್ದೂ ನೋಡಿದೀನಿ.

ಸ್ನಾಯು ಎಳೆದಾಗ ಮೂಳೆ ಚೂರು ಬಾಗುತ್ತೆ, ಆ ಬಾಗೋದನ್ನ ಮೂಳೆ ಒಳಗಿನ ಜೀವಕೋಶಗಳು ಗುರುತಿಸಿ ಬೇಕಾದ ಕಡೆ ಹೊಸ ಮೂಳೆ ಕಟ್ಟಿಸ್ತವೆ, ಎಳೆತ ಕಮ್ಮಿ ಇರೋ ಕಡೆ ಮೂಳೆ ಕರಗುತ್ತೆ. 1947ರಲ್ಲಿ ವಾಶ್‌ಬರ್ನ್ ಅನ್ನೋರು ಆಗಷ್ಟೇ ಹುಟ್ಟಿದ ಇಲಿಗಳಲ್ಲಿ ಒಂದು ಕಡೆಯ ಟೆಂಪೊರಾಲಿಸ್ ತೆಗೆದು ಬೆಳೆಯೋಕೆ ಬಿಟ್ರು, ದೊಡ್ಡದಾದಾಗ ಆ ಕಡೆ ಕೊರೊನಾಯ್ಡ್ ಅನ್ನೋ ದವಡೆಯ ಚೂಪು ತುದಿನೇ ಇರಲಿಲ್ಲ. ಆದ್ರೆ ದವಡೆಯ ನಡುಭಾಗಕ್ಕೆ ಅಂಥ ಏಟೇನೂ ಬೀಳಲಿಲ್ಲ, ಇದನ್ನ ಹೇಳೋರು ಕಮ್ಮಿ. ಅಂದ್ರೆ ಸ್ನಾಯು ಅಂಟಿಕೊಳ್ಳೋ ಜಾಗ ಸ್ನಾಯು ಹೇಳಿದಂಗೆ ಕೇಳುತ್ತೆ, ದವಡೆಯ ನಡುಭಾಗ ಬಹುಪಾಲು ತನ್ನ ಪಾಡಿಗೆ ತಾನು ಬೆಳೆಯುತ್ತೆ. 2004ರಲ್ಲಿ ಲೀಬರ್ಮನ್ ತಂಡ ಹೈರಾಕ್ಸ್ ಅನ್ನೋ ಸಣ್ಣ ಪ್ರಾಣಿಗಳಿಗೆ ಬೇಯಿಸಿದ ಮೆತ್ತನೆ ಆಹಾರ ಹಾಕಿ ಸಾಕಿದಾಗ, ಗಟ್ಟಿ ತಿಂದವುಗಳಿಗಿಂತ ಮುಖದ ಕೆಳಗಿನ ಮತ್ತೆ ಹಿಂದಿನ ಭಾಗ ಸುಮಾರು 10% ಕಮ್ಮಿ ಬೆಳೆದಿತ್ತು. ಇದ್ದೇ ಇದೆ ಪರಿಣಾಮ, ಆದ್ರೆ ಮುಖನೇ ಬದಲಾಗೋವಷ್ಟು ಅಲ್ಲ.

ಉದ್ದ ಮುಖಕ್ಕೆಲ್ಲಾ ವೀಕ್ ಸ್ನಾಯುನೇ ಕಾರಣ ಅನ್ನೋ ಮಾತು ಮಾತ್ರ ನಾನು ಒಪ್ಪಲ್ಲ. ಮಯೋಟಾನಿಕ್ ಡಿಸ್ಟ್ರೋಫಿ ಅನ್ನೋ ಸ್ನಾಯು ಕಾಯಿಲೆ ಇರೋರಲ್ಲಿ ಸ್ನಾಯು ಸೋತು ಮುಖ ಉದ್ದ ಆಗೋದು, ಓಪನ್ ಬೈಟ್ ಬರೋದು ನಿಜ. ಆದ್ರೆ 1983ರಲ್ಲಿ ಪ್ರಾಫಿಟ್, ಫೀಲ್ಡ್ಸ್ ಅನ್ನೋರು ಅಳೆದಾಗ ಉದ್ದ ಮುಖದ ದೊಡ್ಡವರಿಗೆ ಕಚ್ಚೋ ಶಕ್ತಿ ಕಮ್ಮಿ ಇತ್ತು, ಉದ್ದ ಮುಖದ ಮಕ್ಕಳಿಗೆ ಮಾತ್ರ ಬೇರೆ ಮಕ್ಕಳಷ್ಟೇ ಇತ್ತು. ಮುಖ ಆಗ್ಲೇ ಉದ್ದ ಇತ್ತು, ಶಕ್ತಿ ಆಗ ಸರಿಯಾಗೇ ಇತ್ತು ಅಂದ್ಮೇಲೆ ಯಾವುದು ಕಾರಣ ಯಾವುದು ಪರಿಣಾಮ ಹೇಳಿ?

ನನ್ನ ಕೆಲಸದಲ್ಲಿ ಇದು ಉಪಯೋಗಕ್ಕೆ ಬರೋದು ಟ್ರೀಟ್ಮೆಂಟ್ ಪ್ಲಾನ್ ಮಾಡುವಾಗ. ಸ್ನಾಯು ಗಟ್ಟಿ ಇರೋರಲ್ಲಿ ದವಡೆ ಹಲ್ಲನ್ನ ಮೇಲೆಳೆದು ಡೀಪ್ ಬೈಟ್ ಬಿಡಿಸೋಕೆ ಹೋದ್ರೆ ಪ್ರತಿ ಸಲ ಕಚ್ಚಿದಾಗಲೂ ಮ್ಯಾಸೆಟರ್ ಅದನ್ನ ವಾಪಸ್ ಒತ್ತುತ್ತೆ, ಹಲ್ಲಿನ ನಡುವಿನ ಜಾಗ ಮುಚ್ಚೋದೂ ನಿಧಾನ. ತೆಳ್ಳಗಿನ ಸ್ನಾಯು ಇರೋರಲ್ಲಿ ಉಲ್ಟಾ, ದವಡೆ ಹಲ್ಲು ಸ್ವಲ್ಪ ಎದ್ರೂ ಸಾಕು ಗದ್ದ ಕೆಳಗೆ ಹಿಂದೆ ತಿರುಗಿ ಮುಖ ಇನ್ನೂ ಉದ್ದ ಕಾಣುತ್ತೆ, ಅದಕ್ಕೇ ಅವರಿಗೆ ಎಲಾಸ್ಟಿಕ್, ಅಂದ್ರೆ ಕ್ಲಿಪ್‌ಗೆ ಹಾಕೋ ರಬ್ಬರ್ ಬ್ಯಾಂಡ್ ಕೊಡುವಾಗ ಕೈ ಬಿಗಿ ಹಿಡೀತೀನಿ.

"ಡಾಕ್ಟ್ರೇ, ಗಮ್ ಅಗಿದ್ರೆ ದವಡೆ ಶೇಪ್ ಬರುತ್ತಂತಲ್ಲ?" ಅಂತ ಹುಡುಗ್ರು ಕೇಳ್ತಾನೇ ಇರ್ತಾರೆ. ಬೆಳವಣಿಗೆ ಮುಗಿದ ಮೇಲೆ ಸ್ನಾಯು ದಪ್ಪ ಆಗ್ಬೋದಪ್ಪ, ಗದ್ದ ಮುಂದೆ ಬರಲ್ಲ, ಜಾಸ್ತಿ ಅಗಿದ್ರೆ ದವಡೆ ಕೀಲು ನೋಯೋಕೆ ಶುರುವಾಗ್ಬೋದು ಅಂತೀನಿ. ಇನ್ನು ಮುಖ ಸಣ್ಣ ಮಾಡ್ಕೊಳ್ಳೋಕೆ ಮ್ಯಾಸೆಟರ್‌ಗೆ ಸ್ನಾಯು ಸಡಿಲ ಮಾಡೋ ಬೊಟಾಕ್ಸ್ ಚುಚ್ಚಿಸ್ಕೊಳ್ಳೋರೂ ಇದಾರೆ. ಮೊಲಗಳಲ್ಲಿ ಹಂಗೆ ಚುಚ್ಚಿ ನೋಡಿದಾಗ ದವಡೆ ಕೀಲಿನ ಹತ್ರ ಮೂಳೆ ಸವೆದಿದೆ, ಹಂಗಾಗಿ ಇನ್ನೂ ಬೆಳೀತಿರೋ ವಯಸ್ಸಿನವರು ಬರೀ ಅಂದಕ್ಕೋಸ್ಕರ ಕೇಳಿದ್ರೆ ನಾನು ಬೇಡ ಅಂದ್ಬಿಡ್ತೀನಿ.