ಮೆಮ್ರಿಸ್ಟರ್ ಸೈನಾಪ್ಸ್ ಒಂದು ತುದಿಯಲ್ಲಿ ಸಿಕ್ಕಿಕೊಂಡಾಗ

ಎಲ್‌ಟಿಸ್ಪೈಸ್ ಎಂಬ ಸರ್ಕ್ಯೂಟ್ ಸಿಮ್ಯುಲೇಶನ್ ತಂತ್ರಾಂಶದಲ್ಲಿ ಒಂದೇ ಒಂದು ಮೆಮ್ರಿಸ್ಟರ್ (ಹರಿದ ಕರೆಂಟ್ ನೆನಪಿಟ್ಟು ರೆಸಿಸ್ಟೆನ್ಸ್ ಬದಲಿಸುವ ಸಾಧನ) ಇಟ್ಟು ಸೈನಾಪ್ಸ್, ಅಂದರೆ ನರಕೋಶಗಳ ನಡುವಿನ ಕೊಂಡಿಯಂಥದ್ದು, ಮಾಡುತ್ತಿದ್ದೆ. ಪಾಸಿಟಿವ್ ಪಲ್ಸ್ ಕೊಟ್ಟರೆ ರೆಸಿಸ್ಟೆನ್ಸ್ ಇಳಿಯಬೇಕು, ನೆಗೆಟಿವ್ ಕೊಟ್ಟರೆ ಏರಬೇಕು. ಇಳಿಯುವುದೇನೋ ಇಳಿಯಿತು. 100 ಓಮ್ ಮುಟ್ಟಿದ ಮೇಲೆ ಎಷ್ಟು ನೆಗೆಟಿವ್ ಪಲ್ಸ್ ಕೊಟ್ಟರೂ ಅಲ್ಲಾಡಲಿಲ್ಲ. ಕಲಿತದ್ದನ್ನು ಮರೆಯದ ಮಿದುಳು ಯಾರಿಗೆ ಬೇಕು ಅಲ್ವಾ!

ಮಾದರಿ 2008ರಲ್ಲಿ ಎಚ್‌ಪಿ ಲ್ಯಾಬ್ಸ್ ತೋರಿಸಿದ ಟೈಟಾನಿಯಂ ಡೈಆಕ್ಸೈಡ್ ಸಾಧನದ್ದು. ಅದರೊಳಗೆ ಕಡಿಮೆ ರೆಸಿಸ್ಟೆನ್ಸ್ ಭಾಗಕ್ಕೂ ಹೆಚ್ಚು ರೆಸಿಸ್ಟೆನ್ಸ್ ಭಾಗಕ್ಕೂ ನಡುವಿನ ಗಡಿ ಎಲ್ಲಿದೆ ಎಂದು 0ಯಿಂದ 1ರವರೆಗಿನ ಒಂದು ಸಂಖ್ಯೆ ಹೇಳುತ್ತದೆ. ಆ ಸಂಖ್ಯೆಯನ್ನು ಪ್ಲಾಟ್ ಮಾಡಿದಾಗ ವಿಷಯ ಬಯಲಾಯಿತು. ಗಡಿ ತುದಿ ದಾಟದಂತೆ ಅದರ ವೇಗಕ್ಕೆ ಗುಣಿಸುವ ಫಂಕ್ಷನ್‌ಗೆ ವಿಂಡೋ ಎನ್ನುತ್ತಾರೆ; ನಾನು ಹಾಕಿದ್ದ ಜೋಗ್ಳೇಕರ್ ವಿಂಡೋ ಎರಡೂ ತುದಿಯಲ್ಲಿ ಸೊನ್ನೆಯಾಗುತ್ತದೆ. ವಿಂಡೋ ಸೊನ್ನೆ ಎಂದರೆ ಚಲನೆಯೂ ಸೊನ್ನೆ, ಕರೆಂಟ್ ಯಾವ ಕಡೆ ಹರಿದರೂ ಸರಿ.

ಬಿಯೋಲೆಕ್ ವಿಂಡೋ ಹಾಕಿದೆ. ಅದು ಕರೆಂಟ್‌ನ ದಿಕ್ಕು ನೋಡುತ್ತದೆ: ತುದಿಯತ್ತ ಹೋಗುವಾಗ ಮಾತ್ರ ತಡೆ, ವಾಪಸ್ ಬರುವಾಗ ದಾರಿ ಬಿಡುತ್ತದೆ. ಸೈನಾಪ್ಸ್ ಎರಡೂ ಕಡೆ ಓಡಾಡತೊಡಗಿತು.

ಆದರೆ ಸಿಮ್ಯುಲೇಶನ್ ಮಧ್ಯದಲ್ಲಿ ‘ಟೈಮ್ ಸ್ಟೆಪ್ ಟೂ ಸ್ಮಾಲ್’ ಅಂತ ನಿಲ್ಲತೊಡಗಿತು. ದಿಕ್ಕು ನೋಡುವ ಸ್ಟೆಪ್ ಫಂಕ್ಷನ್ ತಟಕ್ಕನೆ ಜಿಗಿಯುತ್ತದಲ್ಲ, ಅದೇ ಕಾರಣ. ಅದರ ಜಾಗದಲ್ಲಿ ನಯವಾಗಿ ಏರುವ ಟ್ಯಾನ್‌ಎಚ್ ಫಂಕ್ಷನ್ ಬರೆದು, ಪಲ್ಸ್‌ಗಳ ಏರಿಳಿತವನ್ನೂ ಸ್ವಲ್ಪ ನಿಧಾನ ಮಾಡಿದೆ. ಈಗ ಸುಮ್ನೆ ಓಡುತ್ತದೆ.

ಒಂದು ಮಾತು: ಈ ಮಾದರಿಗೆ ಥ್ರೆಶೋಲ್ಡ್ (ಇಷ್ಟು ವೋಲ್ಟೇಜ್ ದಾಟಿದರೆ ಮಾತ್ರ ಬದಲಾಗು ಎಂಬ ಮಿತಿ) ಇಲ್ಲ. ಓದಲು ಕೊಡುವ ಸಣ್ಣ ವೋಲ್ಟೇಜ್ ಕೂಡ ಸೈನಾಪ್ಸ್‌ನ ತೂಕವನ್ನು, ಅಂದರೆ ರೆಸಿಸ್ಟೆನ್ಸನ್ನು, ಚೂರು ಬದಲಿಸುತ್ತದೆ. ದೊಡ್ಡ ಕ್ರಾಸ್‌ಬಾರ್ (ಅಡ್ಡ-ಉದ್ದ ತಂತಿಗಳು ಸೇರುವಲ್ಲೆಲ್ಲ ಮೆಮ್ರಿಸ್ಟರ್ ಇರುವ ಜಾಲ) ಕಟ್ಟುವವರು ಥ್ರೆಶೋಲ್ಡ್ ಇರುವ ವಿಟೀಮ್ ಮಾದರಿಯನ್ನೇ ಹಿಡಿಯುವುದು ಒಳ್ಳೆಯದು.